ಬೆಂಕಿ ತಗುಲಿದಾಗ ಮೊದಲ 20 ನಿಮಿಷ

(ಶ್ರೀ ಗುರುಸಾರ್ವಭೌಮರ ಆರಾಧನಾ ಮಹೋತ್ಸವದ ಅಂಗವಾಗಿ ಮುಂಬಯಿಯ ಶಾಖಾಮಠದ ಸಭಾಂಗಣದಲ್ಲಿ ವೈದ್ಯರೊಬ್ಬರು ಮಾಡಿದ ಉಪನ್ಯಾಸದ ಲಿಖಿತ ರೂಪ)

 



ಈ ಮೂರು ದಿನಗಳ ಉತ್ಸವದಲ್ಲಿ ತಾವು ಸರ್ವಮೂಲ ಗ್ರಂಥಗಳ ಬಗ್ಗೆ ಹಾಗೂ ದಾಸಸಾಹಿತ್ಯದ ಬಗ್ಗೆ ಪಂಡಿತರಿಂದ ಉತ್ತಮವಾದ ಪ್ರವಚನಗಳನ್ನು ಕೇಳಿದ್ದೀರಿ. ಅಂಥ ಸಭೆಯಲ್ಲಿ ಸುಟ್ಟ ಗಾಯದ ಪ್ರಥಮ ಚಿಕಿತ್ಸೆಯನ್ನು ಕುರಿತು ಮಾತನಾಡುವುದು ಉಚಿತವೇ ಎಂದು ವ್ಯವಸ್ಥಾಪಕರನ್ನು ನಾನು ಕೇಳಿದೆ. ಅವರು, 'ಶರೀರವಿದ್ದರಲ್ಲವೇ ಸಾಧನೆ' ಎಂದರು. ಅವರ ಮಾತಿನ ಬಲದಿಂದ ತಮ್ಮೆದುರು ನಿಂತಿದ್ದೇನೆ. ಸುಟ್ಟ ಗಾಯಗಳ ಚಿಕಿತ್ಸೆಯಲ್ಲಿಯೇ ನನ್ನ ವೃತ್ತಿಜೀವನದ ಬಹುಭಾಗ ಕಳೆದಿದೆ. ಆದ್ದರಿಂದ ಶಾಸ್ತ್ರದ ವಿಷಯದಲ್ಲಿ ನಾನು ವಿದ್ಯಾರ್ಥಿ. ಈ ಒಂದು ವಿಷಯದಲ್ಲಿ ಮಾತ್ರ ತಮ್ಮೊಡನೆ ಹಂಚಿಕೊಳ್ಳುವಷ್ಟು ಅನುಭವ ಉಂಟು.

ನಮ್ಮ ಬದುಕಿನಲ್ಲಿ ಅಗ್ನಿಗೆ ಇರುವ ಸ್ಥಾನ ತಮಗೆ ತಿಳಿದದ್ದೇ. ಋಗ್ವೇದದ ಮೊದಲ ಸೂಕ್ತ ಅಗ್ನಿಯನ್ನು ಕುರಿತದ್ದು. ಶ್ರೀಮದಾಚಾರ್ಯರು ಭಾಷ್ಯ ರಚಿಸಿದ ಮೊದಲ 40 ಸೂಕ್ತಗಳೂ ಅಲ್ಲಿಂದಲೇ ಆರಂಭವಾಗುತ್ತವೆ. ಮುಂಜಾನೆ ತುಳಸಿಯ ಮುಂದೆ ಹಚ್ಚುವ ದೀಪ, ದೇವರ ಮನೆಯ ನಂದಾದೀಪ, ಕರ್ಪೂರದ ಮಂಗಳಾರತಿ, ವೈಶ್ವದೇವ, ಹೋಮ, ಕಾರ್ತೀಕದ ದೀಪೋತ್ಸವ, ನೂರಾರು ಎಲೆಗಳಿಗೆ ಬಡಿಸುವ ಸಂತರ್ಪಣೆಯ ಒಲೆಗಳು, ಹೀಗೆ ಬೆಂಕಿಯಿಲ್ಲದ ದಿನ ನಮಗಿಲ್ಲ. ಇಷ್ಟು ಹತ್ತಿರದ ಒಡನಾಟವಿರುವವರಿಗೆ ಆ ಬೆಂಕಿ ಮೈಗೆ ತಗುಲಿದಾಗ ಮಾಡಬೇಕಾದದ್ದೂ ಗೊತ್ತಿರಬೇಕಲ್ಲವೇ? ಆದರೆ ವಿದ್ಯಾವಂತರ ಮನೆಗಳಲ್ಲಿಯೂ ಅದು ಗೊತ್ತಿಲ್ಲವೆಂಬುದೇ ನನ್ನ ಅನುಭವ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 1,80,000 ಜನ ಸುಟ್ಟ ಗಾಯಗಳಿಂದ ಮರಣ ಹೊಂದುತ್ತಾರೆ. ಭಾರತವೊಂದರಲ್ಲೇ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನರಿಗೆ ಮಧ್ಯಮ ಅಥವಾ ತೀವ್ರ ಸ್ವರೂಪದ ಸುಟ್ಟ ಗಾಯಗಳಾಗುತ್ತವೆ. ಇವುಗಳಲ್ಲಿ ಹೆಚ್ಚಿನವು ಮನೆಯಲ್ಲಿಯೇ, ಅದರಲ್ಲಿಯೂ ಅಡುಗೆಮನೆಯಲ್ಲಿಯೇ ಸಂಭವಿಸುತ್ತವೆ. ಗಾಯಗೊಳ್ಳುವವರು ಬಹುಮಟ್ಟಿಗೆ ಹೆಂಗಸರು ಮತ್ತು ಮಕ್ಕಳು. ಆ ಕ್ಷಣದಲ್ಲಿ ಹತ್ತಿರವಿರುವವರು ತಾಯಿ, ಅಜ್ಜಿ, ಅಡುಗೆಯವರು ಇಲ್ಲವೇ ನೆರೆಮನೆಯವರು. ಅಂದರೆ, ಸುಟ್ಟ ಗಾಯಕ್ಕೆ ಮೊದಲ ವೈದ್ಯರು ಅವರೇ. ಮುಂದೆ ಆಸ್ಪತ್ರೆಯಲ್ಲಿ ನಾವು ಮಾಡಬಹುದಾದದ್ದರ ಬಹುಭಾಗವನ್ನು ಅವರು ಆ ಮೊದಲ 20 ನಿಮಿಷಗಳಲ್ಲಿಯೇ ನಿರ್ಧರಿಸಿಬಿಟ್ಟಿರುತ್ತಾರೆ.

ಆಸ್ಪತ್ರೆಗೆ ಬರುವ ಗಾಯಗಳ ಮೇಲೆ ನಾವು ಏನೆಲ್ಲ ಕಾಣುತ್ತೇವೆಂಬುದನ್ನು ಹೇಳಿದರೆ ತಮಗೆ ಆಶ್ಚರ್ಯವಾದೀತು. ಟೂತ್‌ಪೇಸ್ಟ್, ತುಪ್ಪ, ಕೊಬ್ಬರಿ ಎಣ್ಣೆ, ಅರಿಶಿನ, ದೋಸೆ ಹಿಟ್ಟು, ಕಾಫಿ ಪುಡಿ, ಜೇನುತುಪ್ಪ, ಶಾಯಿ, ಬೆಣ್ಣೆ, ಆಲೂಗಡ್ಡೆಯ ತುರಿ, ಹೀಗೆ ಮನೆಯಲ್ಲಿರುವ ಎಲ್ಲವೂ ಬಂದಿರುತ್ತವೆ. ಬಾರದಿರುವುದು ಒಂದೇ ಒಂದು, ನೀರು. 'ನೀರು ಹಾಕಿದಿರಾ?' ಎಂದು ಕೇಳಿದರೆ, 'ಅಯ್ಯೋ, ನೀರು ಹಾಕಿದರೆ ಬೊಬ್ಬೆ ಏಳುತ್ತದಲ್ಲವೇ ಡಾಕ್ಟರೇ' ಎಂಬ ಉತ್ತರ. ಈ ಸಂಜೆ ನಾನು ಹೇಳಬೇಕಾದದ್ದೆಲ್ಲವೂ ಈ ಒಂದು ಮಾತಿನ ಸುತ್ತ ಇದೆ.

ಚರ್ಮದಲ್ಲಿ ನಡೆಯುವುದೇನು?

ಸುಡುವಿಕೆಗೆ ಎರಡು ಅಂಶಗಳು ಕಾರಣ. ಒಂದು, ತಗುಲಿದ ವಸ್ತುವಿನ ಉಷ್ಣತೆ; ಇನ್ನೊಂದು, ಅದು ತಗುಲಿದ ಕಾಲ. ಸುಮಾರು 44 ಡಿಗ್ರಿ ಸೆಲ್ಸಿಯಸ್‌ವರೆಗೆ ನಮ್ಮ ಚರ್ಮ ತಡೆದುಕೊಳ್ಳುತ್ತದೆ. ಅದನ್ನು ಮೀರಿದರೆ ಜೀವಕೋಶಗಳು ನಾಶವಾಗತೊಡಗುತ್ತವೆ. 60 ಡಿಗ್ರಿಯ ನೀರು ಸುಮಾರು 5 ಸೆಕೆಂಡುಗಳಲ್ಲಿ ವಯಸ್ಕರ ಚರ್ಮವನ್ನು ಆಳವಾಗಿ ಸುಡಬಲ್ಲದು. ತೆಳುವಾದ ಚರ್ಮದ ಮಗುವಿಗೆ ಅಷ್ಟು ಕಾಲವೂ ಬೇಡ. ಆಗತಾನೇ ಇಳಿಸಿದ ಸಾರಿನ ಉಷ್ಣತೆ 100 ಡಿಗ್ರಿಯ ಸಮೀಪದಲ್ಲಿರುತ್ತದೆ. ಬಾಣಲೆಯಲ್ಲಿ ಕಾದ ಎಣ್ಣೆ 170 ಡಿಗ್ರಿಯನ್ನು ದಾಟಿರುತ್ತದೆ.

ಕಾಲದ ಮಹತ್ತ್ವವನ್ನು ನಮ್ಮವರಿಗೆ ವಿವರಿಸುವುದು ಸುಲಭ. ಪ್ರಥಮ ಏಕಾದಶಿಯಂದು ಸ್ವಾಮಿಗಳಿಂದ ತಪ್ತ ಮುದ್ರಾಧಾರಣೆ ಮಾಡಿಸಿಕೊಂಡವರು ಇಲ್ಲಿ ಅನೇಕರಿದ್ದೀರಿ. ಹೋಮಾಗ್ನಿಯಲ್ಲಿ ಕಾದ ಶಂಖಚಕ್ರಗಳು ತೋಳಿಗೆ ತಾಗುವುದು ಕ್ಷಣಮಾತ್ರ. ಗುರುತು ಮೂಡುತ್ತದೆ; ಕೆಲವು ದಿನಗಳಲ್ಲಿ ಮಾಯುತ್ತದೆ. ಅದೇ ಲೋಹ ಕೆಲವು ಸೆಕೆಂಡುಗಳ ಕಾಲ ಚರ್ಮದ ಮೇಲೆ ನಿಂತರೆ ಏನಾದೀತೆಂದು ಊಹಿಸಬಹುದು. ಆದ್ದರಿಂದ ಬಿಸಿಯ ಸಂಪರ್ಕವನ್ನು ಎಷ್ಟು ಬೇಗ ಕಡಿಯುತ್ತೇವೆಯೋ ಅಷ್ಟು ಗಾಯ ಕಡಿಮೆ.

ಆದರೆ ಬೆಂಕಿಯಿಂದ ಕೈಯನ್ನು ಹಿಂದಕ್ಕೆಳೆದುಕೊಂಡ ಮಾತ್ರಕ್ಕೆ ಈ ಸಂಪರ್ಕ ಕಡಿಯುವುದಿಲ್ಲ. ಚರ್ಮದೊಳಗೆ ಇಳಿದ ಶಾಖ ಅಲ್ಲಿಯೇ ಉಳಿದು ಕೆಳಗಿನ ಪದರಗಳಿಗೆ ಹಬ್ಬುತ್ತಲೇ ಇರುತ್ತದೆ. ಒಲೆ ಆರಿಸಿದ ಮೇಲೂ ಪಾತ್ರೆಯಲ್ಲಿನ ಅನ್ನ ಬೇಯುತ್ತಿರುವುದಿಲ್ಲವೇ, ಹಾಗೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಶಸ್ತ್ರವೈದ್ಯ ಡಗ್ಲಸ್ ಜಾಕ್ಸನ್ 1953ರಲ್ಲಿ ಸುಟ್ಟ ಗಾಯದಲ್ಲಿ ಮೂರು ವಲಯಗಳನ್ನು ಗುರುತಿಸಿದರು. ನಡುವಿನ ವಲಯದ ಚರ್ಮ ಆಗಲೇ ಸತ್ತುಹೋಗಿರುತ್ತದೆ. ಹೊರಗಿನ ವಲಯ ಕೆಂಪಗಾಗಿ ಊದಿದ್ದರೂ ತಾನಾಗಿಯೇ ವಾಸಿಯಾಗುತ್ತದೆ. ಇವೆರಡರ ಮಧ್ಯದ ವಲಯವೇ ಮುಖ್ಯವಾದದ್ದು. ಅಲ್ಲಿ ರಕ್ತಸಂಚಾರ ಮಂದವಾಗಿರುತ್ತದೆ; ಚರ್ಮ ಬದುಕಲೂಬಹುದು, ಸಾಯಲೂಬಹುದು. ಸಕಾಲದಲ್ಲಿ ತಂಪು ದೊರೆತರೆ ಅದು ಉಳಿಯುತ್ತದೆ. ದೊರೆಯದಿದ್ದರೆ ಒಂದೆರಡು ದಿನಗಳಲ್ಲಿ ಸತ್ತ ಭಾಗಕ್ಕೆ ಸೇರಿಹೋಗುತ್ತದೆ. ಹಾಗೆ ಸೇರಿಹೋದರೆ ಮುಂದೆ ಚರ್ಮದ ಕಸಿ, ಬಿಗಿದುಕೊಳ್ಳುವ ಕಲೆ, ಮಡಿಚಲಾಗದ ಬೆರಳು, ವರ್ಷಗಟ್ಟಲೆ ವ್ಯಾಯಾಮ, ಇವೆಲ್ಲ ಕಾದಿರುತ್ತವೆ. ಪ್ರಥಮ ಚಿಕಿತ್ಸೆಯ ಉದ್ದೇಶವೆಲ್ಲ ಈ ಮಧ್ಯವಲಯವನ್ನು ಉಳಿಸುವುದೇ.

ನೀರು ಹಾಕುವ ಕ್ರಮ

ಸುಟ್ಟ ಭಾಗವನ್ನು ತಕ್ಷಣ ನಲ್ಲಿಯ ಕೆಳಗೆ ಹಿಡಿದು, ಹರಿಯುವ ತಣ್ಣೀರನ್ನು 20 ನಿಮಿಷ ಬಿಡಬೇಕು. ಎರಡು ನಿಮಿಷ ಸಾಲದು. ಉರಿ ಕಡಿಮೆಯಾಯಿತೆಂದು ನಿಲ್ಲಿಸಲೂಬಾರದು. ಗಡಿಯಾರ ನೋಡಿ 20 ನಿಮಿಷ. ಯಾವುದೋ ಕಾರಣದಿಂದ ತಡವಾಗಿದ್ದರೂ ಮೂರು ಗಂಟೆಯೊಳಗೆ ಮಾಡಿದರೆ ಪ್ರಯೋಜನವಿದೆ. ಆದರೆ ಎಷ್ಟು ಬೇಗನೋ ಅಷ್ಟು ಒಳ್ಳೆಯದು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಸುಟ್ಟ ಗಾಯಗೊಂಡ 2,495 ಮಕ್ಕಳನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಸರಿಯಾಗಿ ನೀರು ಬಿಟ್ಟಿದ್ದ ಮಕ್ಕಳಲ್ಲಿ ಚರ್ಮದ ಕಸಿ ಬೇಕಾಗುವ ಸಂಭವ ಶೇಕಡ 40ರಷ್ಟು ಕಡಿಮೆಯಾಗಿತ್ತು. ನಲ್ಲಿಯ ನೀರಿಗಿಂತ ಅಗ್ಗವಾದ ಔಷಧ ಯಾವುದಿದೆ?

ನಮ್ಮ ಊರುಗಳ ಪರಿಸ್ಥಿತಿಗೆ ತಕ್ಕಂತೆ ಕೆಲವು ಸೂಚನೆಗಳನ್ನು ಹೇಳಬೇಕು. ವೈಶಾಖದ ಬಿಸಿಲಿನಲ್ಲಿ ಮುಂಬಯಿಯಾಗಲಿ, ಹೈದರಾಬಾದ್ ಆಗಲಿ, ಚೆನ್ನೈ ಆಗಲಿ, ಮೇಲ್ಛಾವಣಿಯ ತೊಟ್ಟಿಯಿಂದ ಮೊದಲು ಬರುವ ನೀರು ಬಿಸಿಯಾಗಿರುತ್ತದೆ. ಅದನ್ನು ಕೈಯಿಂದ ಮುಟ್ಟಿ ನೋಡಿಯೇ ಗಾಯದ ಮೇಲೆ ಬಿಡಿ. ಬಿಸಿಯಿದ್ದರೆ ಒಳಗೆ ತುಂಬಿಟ್ಟ ನೀರನ್ನು ಉಪಯೋಗಿಸಿ. ನೀರಿನ ಅಭಾವವಿರುವ ಬಡಾವಣೆಗಳಲ್ಲಿ ನಲ್ಲಿ ಬಾರದಿರಬಹುದು. ಆಗ ಬಕೆಟ್ಟಿನಿಂದ ಚೊಂಬಿನಲ್ಲಿ ತೆಗೆದು ನಿಧಾನವಾಗಿ, ನಿಲ್ಲಿಸದೆ ಸುರಿಯುತ್ತಿರಿ. ಅದೂ ಆಗದಿದ್ದರೆ ಶುಭ್ರವಾದ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹೊದಿಸಿ, ಒಂದೆರಡು ನಿಮಿಷಗಳಿಗೊಮ್ಮೆ ಮತ್ತೆ ಅದ್ದಿ ಬದಲಾಯಿಸುತ್ತಿರಿ.

ಮಂಜುಗಡ್ಡೆ ಬೇಡ. ತಂಪು ಒಳ್ಳೆಯದಾದರೆ ಅತಿತಂಪು ಇನ್ನೂ ಒಳ್ಳೆಯದೆಂದು ಭಾವಿಸುವುದು ತಪ್ಪು. ಮಂಜುಗಡ್ಡೆಯಿಂದ ರಕ್ತನಾಳಗಳು ಸಂಕುಚಿತವಾಗಿ, ನಾವು ಉಳಿಸಬೇಕಾದ ಮಧ್ಯವಲಯವೇ ಸಾಯುತ್ತದೆ.

ನೀರು ಬಿಡುತ್ತಿರುವಾಗಲೇ ಉಂಗುರ, ಬಳೆ, ಕೈಗಡಿಯಾರ, ಕಾಲುಂಗುರ, ಕಾಲ್ಗೆಜ್ಜೆಗಳನ್ನು ತೆಗೆದುಬಿಡಿ. ಸ್ವಲ್ಪ ಹೊತ್ತಿನಲ್ಲಿ ಊತ ಬಂದಾಗ ಅವು ಬಿಗಿದುಕೊಂಡು ರಕ್ತಸಂಚಾರವನ್ನು ತಡೆಯುತ್ತವೆ. ಬಿಸಿ ಹುಳಿಯೋ ಪಾಯಸವೋ ಬಿದ್ದಿದ್ದರೆ ನೆನೆದ ಬಟ್ಟೆಯನ್ನು ಕೂಡಲೇ ಕಳಚಬೇಕು. ಆ ಬಟ್ಟೆ ಬಿಸಿಯನ್ನು ಹಿಡಿದುಕೊಂಡು ಸುಡುತ್ತಲೇ ಇರುತ್ತದೆ. ಹತ್ತು ಜನರ ಎದುರು ಸೀರೆ ಕಳಚುವುದು ಹೇಗೆಂಬ ಸಂಕೋಚದಿಂದ ನಮ್ಮ ಹೆಣ್ಣುಮಕ್ಕಳು ಅಮೂಲ್ಯವಾದ ನಿಮಿಷಗಳನ್ನು ಕಳೆದುಕೊಳ್ಳುತ್ತಾರೆ. ಸುತ್ತಲಿನ ಗಂಡಸರು ಹೊರಗೆ ಹೋಗಲಿ, ಇಬ್ಬರು ಹೆಂಗಸರು ಪಂಚೆಯನ್ನು ಮರೆಯಾಗಿ ಹಿಡಿಯಲಿ, ಕೆಲಸ ನಿಲ್ಲದಿರಲಿ. ಬಟ್ಟೆ ಚರ್ಮಕ್ಕೆ ಅಂಟಿಕೊಂಡಿದ್ದರೆ ಮಾತ್ರ ಕೀಳಬಾರದು. ಸುತ್ತಲಿನ ಬಟ್ಟೆಯನ್ನು ಕತ್ತರಿಸಿ, ಅಂಟಿದ ಭಾಗವನ್ನು ಹಾಗೆಯೇ ಬಿಟ್ಟು ಮೇಲಿನಿಂದ ನೀರು ಬಿಡಬೇಕು.

ಗಾಯವನ್ನು ತಣಿಸಬೇಕು, ಆದರೆ ರೋಗಿಯನ್ನು ಬೆಚ್ಚಗಿಡಬೇಕು. ಚಿಕ್ಕ ಮಕ್ಕಳಿಗೂ ವೃದ್ಧರಿಗೂ ಮೈಯೆಲ್ಲ ನೆನೆದರೆ ಬೇಗ ಚಳಿ ಹಿಡಿಯುತ್ತದೆ. ಆದ್ದರಿಂದ ಸುಡದ ಭಾಗವನ್ನು ಒಣ ಶಾಲಿನಿಂದ ಹೊದಿಸಿ, ಸುಟ್ಟ ಭಾಗಕ್ಕೆ ಮಾತ್ರ ನೀರು ಬಿಡಿ. ಗಾಯ ಬಹಳ ವಿಸ್ತಾರವಾಗಿದ್ದು ನಡುಕ ಆರಂಭವಾದರೆ ನೀರನ್ನು ನಿಲ್ಲಿಸಿ ಆಸ್ಪತ್ರೆಗೆ ಹೊರಡಿ.

'ನೀರು ಹಾಕಿದರೆ ಬೊಬ್ಬೆ ಏಳುತ್ತದೆ'

ಈಗ ಆ ನಂಬಿಕೆಯ ವಿಚಾರಕ್ಕೆ ಬರುತ್ತೇನೆ. ಬೊಬ್ಬೆ ಏಳುವುದು ನೀರಿನಿಂದಲ್ಲ, ಶಾಖದಿಂದ. ಚರ್ಮದ ಮೇಲಿನ ಪದರ ಕೆಳಗಿನ ಪದರದಿಂದ ಬಿಟ್ಟುಕೊಂಡು, ನಡುವೆ ರಕ್ತನಾಳಗಳಿಂದ ಒಸರಿದ ದ್ರವ ತುಂಬಿದಾಗ ಬೊಬ್ಬೆಯಾಗುತ್ತದೆ. ಅದು ಕಾಣಿಸಿಕೊಳ್ಳಲು ಕೆಲವು ನಿಮಿಷಗಳೋ ಗಂಟೆಗಳೋ ಬೇಕು. ಅಷ್ಟರಲ್ಲಿ ಯಾರೋ ನೀರು ಹಾಕಿರುತ್ತಾರೆ. ಆಮೇಲೆ ಬೊಬ್ಬೆ ಕಾಣುತ್ತದೆ. ನೀರೇ ಕಾರಣವೆಂದು ಅಪವಾದ ಬರುತ್ತದೆ. ನ್ಯಾಯಶಾಸ್ತ್ರ ಬಲ್ಲವರು ಇದನ್ನು ಕಾಕತಾಳೀಯವೆನ್ನುತ್ತಾರೆ.

ಈ ನಂಬಿಕೆಗೆ ನಮ್ಮ ಪ್ರಾಚೀನ ವೈದ್ಯಶಾಸ್ತ್ರದಲ್ಲಿಯೂ ಒಂದು ಆಧಾರವುಂಟು. ಸುಶ್ರುತಸಂಹಿತೆಯ ಸೂತ್ರಸ್ಥಾನದ 12ನೆಯ ಅಧ್ಯಾಯ ಅಗ್ನಿಕರ್ಮವನ್ನು ಕುರಿತದ್ದು. ಅಲ್ಲಿ ಸುಟ್ಟ ಗಾಯಗಳನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ಆಳವನ್ನು ಅನುಸರಿಸಿ ನಾಲ್ಕಾಗಿ ವಿಂಗಡಿಸಲಾಗಿದೆ. ಬೊಬ್ಬೆ ಏಳುವುದು ದುರ್ದಗ್ಧದ ಲಕ್ಷಣವೆಂದೂ ಹೇಳಿದೆ. ಅಂದರೆ ಬೊಬ್ಬೆಯನ್ನು ಸುಶ್ರುತನೂ ಸುಡುವಿಕೆಗೇ ಸೇರಿಸಿದ್ದಾನೆ. ಇಂದು ನಾವು ಮಾಡುವ ವಿಂಗಡಣೆಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಅಷ್ಟು ಹಿಂದೆ ಅಷ್ಟು ಸೂಕ್ಷ್ಮವಾಗಿ ನೋಡಿದ ಆ ಮಹಾವೈದ್ಯನಿಗೆ ನನ್ನ ನಮಸ್ಕಾರ. ಆದರೆ ಅದೇ ಅಧ್ಯಾಯದಲ್ಲಿ, ಮೇಲುಮೇಲಿನ ಗಾಯವಾದ ಪ್ಲುಷ್ಟಕ್ಕೆ ಬಿಸಿಯ ಉಪಚಾರವೇ ಹಿತ, ತಣ್ಣೀರು ರಕ್ತವನ್ನು ಹೆಪ್ಪುಗಟ್ಟಿಸುವುದರಿಂದ ಅದು ಸಲ್ಲದು ಎಂಬ ಅಭಿಪ್ರಾಯವಿದೆ. ಸುಟ್ಟ ಬೆರಳನ್ನು ಮತ್ತೆ ಕೆಂಡದ ಹತ್ತಿರ ಹಿಡಿಯಬೇಕೆಂದು ಕೆಲವು ಹಿರಿಯರು ಹೇಳುತ್ತಿದ್ದದ್ದು ಈ ಮಾತಿನೊಡನೆ ಹೊಂದುತ್ತದೆ.

ಇಂದಿನ ಪರೀಕ್ಷೆಗೆ ಈ ಮಾತು ನಿಲ್ಲುವುದಿಲ್ಲ. ಹಾಗೆಂದರೆ ಶಾಸ್ತ್ರಕ್ಕೆ ಅಗೌರವವಾಯಿತೇ? ವಿದ್ವಾಂಸರ ಎದುರು ಹೇಳಲು ಹೊರಟಿರುವುದು ಅಧಿಕಪ್ರಸಂಗವೆನಿಸಿದರೆ ಮನ್ನಿಸಬೇಕು. ನಮ್ಮ ಸಿದ್ಧಾಂತದಲ್ಲಿ ಪ್ರತ್ಯಕ್ಷ, ಅನುಮಾನ, ಆಗಮ ಎಂದು ಮೂರು ಪ್ರಮಾಣಗಳು. ಇಂದ್ರಿಯಗಳಿಗೆ ಎಟುಕದ ಭಗವತ್ತತ್ತ್ವದಲ್ಲಿ, ಧರ್ಮಾಧರ್ಮಗಳಲ್ಲಿ ಆಗಮವೇ ಗತಿ. ಆದರೆ ಕಣ್ಣಿಗೆ ಕಾಣುವ ವಿಷಯದಲ್ಲಿ ಚೆನ್ನಾಗಿ ಪರೀಕ್ಷಿಸಿದ ಪ್ರತ್ಯಕ್ಷವನ್ನು ತಳ್ಳಿಹಾಕಲು ಯಾವ ವಾಕ್ಯಕ್ಕೂ ಬಲವಿಲ್ಲ. ಉಪಜೀವ್ಯವಾದ ಪ್ರಮಾಣಕ್ಕೆ ವಿರೋಧ ಸಲ್ಲದೆಂದು ವಾದಿಸಿ ಆಚಾರ್ಯರು ಜಗತ್ತಿನ ಸತ್ಯತ್ವವನ್ನೂ ಭೇದವನ್ನೂ ಸ್ಥಾಪಿಸಿದರೆಂದು ನಾವು ಇದೇ ಸಭಾಂಗಣದಲ್ಲಿ ಕೇಳಿದ್ದೇವೆ. ಜಗತ್ತು ಸತ್ಯವೆನ್ನುವವರಿಗೆ ಬೆಂಕಿಯೂ ಸತ್ಯ, ಮಗುವಿನ ಉರಿಯೂ ಸತ್ಯ. ಸುಶ್ರುತಸಂಹಿತೆಯಾದರೋ ಅಪೌರುಷೇಯವಾದ ವೇದವಲ್ಲ. ಅನುಭವದಿಂದ ಬೆಳೆದ ಶಾಸ್ತ್ರ. ಶವವನ್ನು ನೀರಿನಲ್ಲಿರಿಸಿ, ಪದರಪದರವಾಗಿ ನೋಡಿ, ಶರೀರರಚನೆಯನ್ನು ಕಣ್ಣಾರೆ ಕಲಿಯಬೇಕೆಂದು ಶಿಷ್ಯರಿಗೆ ವಿಧಿಸಿದ ಗ್ರಂಥ ಅದು. ಪರೀಕ್ಷೆಯಿಂದ ದೊರೆತ ಹೊಸ ತಿಳಿವನ್ನು ಸ್ವೀಕರಿಸುವುದೇ ಸುಶ್ರುತನ ಮಾರ್ಗವನ್ನು ಅನುಸರಿಸಿದಂತೆ.

ರಾಯರ ಪೂರ್ವಾಶ್ರಮದ ಒಂದು ಪ್ರಸಂಗ ತಮಗೆಲ್ಲರಿಗೂ ಗೊತ್ತು. ಗಂಧ ತೇಯುವ ಕೆಲಸಕ್ಕೆ ನಿಯೋಜಿತರಾದ ವೆಂಕಟನಾಥರು ಅಗ್ನಿಸೂಕ್ತವನ್ನು ಪಠಿಸುತ್ತ ತೇಯ್ದ ಗಂಧವನ್ನು ಲೇಪಿಸಿಕೊಂಡವರ ಮೈಯೆಲ್ಲ ಉರಿಯತೊಡಗಿತು; ಅವರು ವರುಣಸೂಕ್ತವನ್ನು ಪಠಿಸಿದಾಗ ತಂಪಾಯಿತು. ಗುರುಗಳ ಮಹಿಮೆಯನ್ನು ವೈದ್ಯಕೀಯ ಪಾಠವಾಗಿ ಇಳಿಸುವುದು ನನ್ನ ಉದ್ದೇಶವಲ್ಲ. ಆದರೆ ಅಗ್ನಿಯ ತಾಪಕ್ಕೆ ವರುಣನೇ ಶಾಂತಿ ಎಂಬ ಭಾವನೆ ನಮಗೆ ಪರಕೀಯವಲ್ಲವೆಂದು ನೆನಪಿಸುವುದಕ್ಕಾಗಿ ಇದನ್ನು ಹೇಳಿದೆ.

ಹಚ್ಚಬಾರದ ವಸ್ತುಗಳು

ತುಪ್ಪ, ಎಣ್ಣೆ, ಬೆಣ್ಣೆಗಳು ಶಾಖವನ್ನು ಹೊರಗೆ ಹೋಗಗೊಡದೆ ಒಳಗೇ ಹಿಡಿದಿಡುತ್ತವೆ. ಟೂತ್‌ಪೇಸ್ಟಿನ ತಂಪು ಕೇವಲ ಪುದೀನದ ಸತ್ತ್ವ ಕೊಡುವ ಭ್ರಮೆ. ಶಾಖ ಅದರಿಂದ ಇಳಿಯುವುದಿಲ್ಲ. ಅರಿಶಿನ, ಶಾಯಿ ಮುಂತಾದ ಬಣ್ಣದ ವಸ್ತುಗಳು ಗಾಯದ ನಿಜವಾದ ಬಣ್ಣವನ್ನು ಮರೆಮಾಡುತ್ತವೆ. ಗಾಯ ಎಷ್ಟು ಆಳವೆಂದು ತಿಳಿಯಲು ವೈದ್ಯನಿಗೆ ಆ ಬಣ್ಣವೇ ಬೇಕು. ದೋಸೆ ಹಿಟ್ಟು, ಕಾಫಿ ಪುಡಿಗಳಿಂದ ಸೋಂಕು ತಗಲುತ್ತದೆ. ಇವೆಲ್ಲವನ್ನೂ ಆಸ್ಪತ್ರೆಯಲ್ಲಿ ತೊಳೆದು, ಕೆರೆದು ತೆಗೆಯಬೇಕಾಗುತ್ತದೆ. ಆ ನೋವನ್ನು ಮಗು ಅನುಭವಿಸಬೇಕಾದದ್ದು ನಮ್ಮ ಪ್ರೀತಿಯ ಫಲವಾಗಿ ಎಂಬುದನ್ನು ಯೋಚಿಸಿ. ಅಂಗಡಿಯ ಮುಲಾಮನ್ನೂ ವೈದ್ಯರು ನೋಡುವವರೆಗೆ ಹಚ್ಚಬೇಡಿ. ಬೊಬ್ಬೆಯನ್ನು ಚುಚ್ಚಿ ಒಡೆಯಬೇಡಿ.

ಉಟ್ಟ ಬಟ್ಟೆಗೆ ಬೆಂಕಿ ಹತ್ತಿದರೆ

ದೀಪ ಹಚ್ಚುವಾಗ ಸೆರಗಿಗೆ ಬೆಂಕಿ ತಾಗಿದರೆ ಓಡಬಾರದು. ಓಡಿದರೆ ಗಾಳಿಯಿಂದ ಜ್ವಾಲೆ ಹೆಚ್ಚುತ್ತದೆ. ನಿಂತೇ ಇದ್ದರೆ ಜ್ವಾಲೆ ಮುಖದ ಕಡೆಗೆ ಏರುತ್ತದೆ. ನಿಲ್ಲಬೇಕು, ಮುಖ ಮುಚ್ಚಿಕೊಂಡು ನೆಲಕ್ಕೆ ಒರಗಬೇಕು, ಉರುಳಬೇಕು. ಮಕ್ಕಳಿಗೆ ಇದನ್ನು ಆಟವಾಗಿ ಕಲಿಸಬಹುದು: ನಿಲ್ಲು, ಮಲಗು, ಉರುಳು. ಹತ್ತಿರವಿರುವವರು ನೀರು ಸುರಿಯಬೇಕು, ಇಲ್ಲವೇ ದಪ್ಪನೆಯ ಹತ್ತಿಯ ಜಮಖಾನೆಯನ್ನೋ ಉಣ್ಣೆಯ ಕಂಬಳಿಯನ್ನೋ ಹೊದಿಸಿ ಆರಿಸಬೇಕು. ಜ್ವಾಲೆ ಆರಿದೊಡನೆ ಕಂಬಳಿಯನ್ನು ತೆಗೆದು ನೀರು ಬಿಡಬೇಕು. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ಕರಗಿ ಮೈಗೆ ಅಂಟಿಕೊಳ್ಳುತ್ತವೆ. ಒಲೆಯ ಮುಂದೆ, ಆರತಿಯ ಸಮಯದಲ್ಲಿ ಅವು ಬೇಡ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹಿರಿಯರ ಪದ್ಧತಿ ಬಹಳ ಒಳ್ಳೆಯದು.

ಇಲ್ಲಿ ಮಡಿಯ ಪ್ರಶ್ನೆ ಬರುತ್ತದೆ. ಮಡಿಯಲ್ಲಿರುವವರನ್ನು ಮುಟ್ಟಬಹುದೇ, ಮೈಲಿಗೆಯ ಕಂಬಳಿಯನ್ನು ಹೊದಿಸಬಹುದೇ, ದೇವರ ನೀರನ್ನು ಸುರಿಯಬಹುದೇ ಎಂದು ಒಂದು ಕ್ಷಣವೂ ತಡೆಯಬಾರದು. ಆಪತ್ತಿನಲ್ಲಿ ಪ್ರಾಣರಕ್ಷಣೆಯೇ ಧರ್ಮವೆಂಬುದನ್ನು ಧರ್ಮಶಾಸ್ತ್ರವೂ ಒಪ್ಪುತ್ತದೆ. ಸ್ನಾನ ಮಾಡಿ ಮತ್ತೆ ಮಡಿ ಉಡಬಹುದು. ಸುಟ್ಟ ಚರ್ಮವನ್ನು ಮತ್ತೆ ಉಡಿಸಲು ಬಾರದು.

ಆಸ್ಪತ್ರೆಗೆ ಹೋಗುವ ಮೊದಲು ಮತ್ತು ಅನಂತರ

20 ನಿಮಿಷದ ನೀರಿನ ಉಪಚಾರ ಮುಗಿದ ಮೇಲೆ ಗಾಯವನ್ನು ಮುಚ್ಚಬೇಕು. ಆಹಾರವನ್ನು ಸುತ್ತಿಡುವ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿದ್ದರೆ ಸುರುಳಿಯ ಮೊದಲ ಸುತ್ತನ್ನು ತೆಗೆದುಹಾಕಿ, ಒಳಗಿನದನ್ನು ಗಾಯದ ಮೇಲೆ ಸಡಿಲವಾಗಿ ಹಾಸಿ. ಇಲ್ಲದಿದ್ದರೆ ಒಗೆದು ಒಣಗಿಸಿದ ನುಣುಪಾದ ಹತ್ತಿಯ ಪಂಚೆ ಸಾಕು. ಬೇರೆಯಾಗಿ ಒಣಹಾಕಿದ ಮಡಿಯ ಪಂಚೆಯಿದ್ದರೆ ಇನ್ನೂ ಒಳ್ಳೆಯದು. ಅರಳೆಯನ್ನು ಇಡಬೇಡಿ, ಅದರ ಎಳೆಗಳು ಗಾಯಕ್ಕೆ ಅಂಟುತ್ತವೆ. ಕೈಗೆ ಗಾಯವಾಗಿದ್ದರೆ ಎತ್ತರಕ್ಕೆ ಹಿಡಿದಿರಲಿ. ದೊಡ್ಡ ಗಾಯವಾಗಿದ್ದರೆ ಬಾಯಿಗೆ ಏನೂ ತಿನ್ನಿಸಬೇಡಿ. ಅರಿವಳಿಕೆ ಕೊಡಬೇಕಾಗಿ ಬರಬಹುದು.

ಯಾವ ಗಾಯವನ್ನು ವೈದ್ಯರಿಗೆ ತೋರಿಸಬೇಕು? ರೋಗಿಯ ಸ್ವಂತ ಅಂಗೈ, ಬೆರಳುಗಳೂ ಸೇರಿ, ಅವರ ಶರೀರದ ಮೇಲ್ಮೈಯ ಸುಮಾರು ಶೇಕಡ 1ರಷ್ಟಿರುತ್ತದೆ. ಅದಕ್ಕಿಂತ ದೊಡ್ಡ ಗಾಯ. ಮುಖ, ಕೈ, ಪಾದ, ಸಂಧಿಗಳು, ಗುಹ್ಯಭಾಗ ಇವುಗಳ ಗಾಯ. ಬೆಳ್ಳಗೆ ಅಥವಾ ಕರಿಕಾಗಿ ಕಾಣುವ ಗಾಯ. ಶಿಶುಗಳ ಮತ್ತು ವೃದ್ಧರ ಗಾಯ. ವಿದ್ಯುತ್ತಿನಿಂದ, ರಾಸಾಯನಿಕದಿಂದ ಆದ ಗಾಯ. ಹೊಗೆ ಕುಡಿದವರು, ಇವರೆಲ್ಲರೂ ಆಸ್ಪತ್ರೆಗೆ ಹೋಗಲೇಬೇಕು. ನೋವಿಲ್ಲದ ಗಾಯವೆಂದು ಸಮಾಧಾನಪಡಬೇಡಿ. ನರಗಳು ಸುಟ್ಟುಹೋದಾಗ ನೋವಿರುವುದಿಲ್ಲ.

ನಮ್ಮ ಮಹಾನಗರಗಳಲ್ಲಿ ಆಸ್ಪತ್ರೆ ತಲಪಲು ಎಷ್ಟು ಹೊತ್ತಾಗುತ್ತದೆಂಬುದು ತಮಗೆ ಗೊತ್ತು. ಗಾಬರಿಯಿಂದ ಮಗುವನ್ನು ಎತ್ತಿಕೊಂಡು ರಿಕ್ಷಾ ಹುಡುಕುತ್ತ ಓಡುವುದರಿಂದ ಆ 20 ನಿಮಿಷಗಳು ರಸ್ತೆಯಲ್ಲಿಯೇ ಕಳೆದುಹೋಗುತ್ತವೆ. ಒಬ್ಬರು ನೀರು ಬಿಡುತ್ತಿರಲಿ, ಇನ್ನೊಬ್ಬರು ವಾಹನಕ್ಕೆ ಕರೆಮಾಡಲಿ. ದೇಶದಾದ್ಯಂತ ತುರ್ತುಸೇವೆಯ ಸಂಖ್ಯೆ 112. ಮಹಾರಾಷ್ಟ್ರ, ಕರ್ನಾಟಕ, ತಮಿಳುನಾಡು, ತೆಲಂಗಾಣಗಳಲ್ಲಿ ಆಂಬ್ಯುಲೆನ್ಸಿಗೆ 108. ಪೊಲೀಸ್ ವಿಚಾರಣೆಯ ಭಯದಿಂದ ಆಸ್ಪತ್ರೆಗೆ ಹೋಗಲು ಹಿಂಜರಿಯುವವರಿದ್ದಾರೆ. ಕಾನೂನಿನ ವಿಧಿಗಳಿಗಾಗಿ ಕಾಯದೆ ಗಾಯಾಳುವಿಗೆ ತಕ್ಷಣ ಚಿಕಿತ್ಸೆ ನೀಡುವುದು ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ಪರಮಾನಂದ ಕಟಾರ ಪ್ರಕರಣದಲ್ಲಿ ತೀರ್ಪು ನೀಡಿದೆ.

ಬೇರೆ ಬಗೆಯ ಸುಡುವಿಕೆಗಳು

ವಿದ್ಯುತ್ ತಗುಲಿದವರನ್ನು ಕೈಯಿಂದ ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಬೇಕು. ಹೊರಗೆ ಸಣ್ಣ ಗಾಯ ಕಂಡರೂ ಒಳಗೆ ಸ್ನಾಯುಗಳು, ಹೃದಯ ಪೆಟ್ಟು ತಿಂದಿರಬಹುದು. ಅವರನ್ನು ಆಸ್ಪತ್ರೆಗೆ ಒಯ್ಯಲೇಬೇಕು.

ಬಚ್ಚಲು ತೊಳೆಯುವ ಆಮ್ಲ ಚೆಲ್ಲಿದರೆ ಧಾರಾಳವಾಗಿ, ಬಹಳ ಹೊತ್ತು ನೀರು ಬಿಡಬೇಕು. ಊಟವಾದ ಮೇಲೆ ತಾಂಬೂಲದ ತಟ್ಟೆಯಲ್ಲಿಡುವ ಸುಣ್ಣವನ್ನೂ ಮರೆಯಬೇಡಿ. ಸುಣ್ಣದ ಪೊಟ್ಟಣವನ್ನು ಮಗು ಹಿಸುಕಿ, ಅದು ಕಣ್ಣಿಗೆ ಸಿಡಿದು ದೃಷ್ಟಿಯೇ ಹೋಗುವ ಪ್ರಕರಣಗಳು ನಮ್ಮ ದೇಶದಲ್ಲಿ ಆಗುತ್ತಲೇ ಇವೆ. ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜದೆ, ರೆಪ್ಪೆಗಳನ್ನು ಬಿಡಿಸಿ ಹಿಡಿದು, ಅರ್ಧ ಗಂಟೆಯಾದರೂ ನೀರಿನಿಂದ ತೊಳೆದು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಮೈ ಸುಟ್ಟರೆ ನೀರು ಎಂದು ನಾನು ಹೇಳಿದ್ದು ಬಾಣಲೆಗೆ ಅನ್ವಯಿಸುವುದಿಲ್ಲ. ಎಣ್ಣೆಗೆ ಬೆಂಕಿ ಹತ್ತಿದಾಗ ನೀರು ಹಾಕಿದರೆ ನೀರು ಒಮ್ಮೆಲೇ ಆವಿಯಾಗಿ ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಒಲೆ ಆರಿಸಿ, ಬಾಣಲೆಯ ಮೇಲೆ ದೊಡ್ಡ ಮುಚ್ಚಳವನ್ನು ಸರಿಸಿಬಿಡಿ. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲದ ಮೇಲೆ ಹರಡಿಕೊಳ್ಳುತ್ತದೆ. ವಾಸನೆ ಬಂದರೆ ದೀಪದ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906 ಸಂಖ್ಯೆಗೆ ಕರೆಮಾಡಿ.

ನಮ್ಮ ಪಾಕಶಾಲೆಗೆ ಒಂದು ಬಿನ್ನಹ

ಸಂತರ್ಪಣೆಯ ದಿನ ಪಾಕಶಾಲೆಯಲ್ಲಿ ಕೊಪ್ಪರಿಗೆಗಳಲ್ಲಿ ಹುಳಿ ಕುದಿಯುತ್ತಿರುತ್ತದೆ, ನೆಲ ಜಾರುತ್ತಿರುತ್ತದೆ, ನಡುವೆ ಮಕ್ಕಳು ಓಡಾಡುತ್ತಿರುತ್ತಾರೆ. ದೇಸಾಯರ ಮನೆಯಲ್ಲಿ ರಾಯರ ಭಿಕ್ಷೆಯ ಗಡಿಬಿಡಿಯಲ್ಲಿ ಮಗುವೊಂದು ಮಾವಿನ ರಸದ ಪಾತ್ರೆಗೆ ಬಿದ್ದು ಪ್ರಾಣ ಬಿಟ್ಟದ್ದನ್ನೂ, ರಾಯರು ಅದನ್ನು ಬದುಕಿಸಿದ್ದನ್ನೂ ನಾವು ಭಕ್ತಿಯಿಂದ ಕೇಳುತ್ತೇವೆ. ಹಬ್ಬದ ಅಡುಗೆಯ ಗದ್ದಲದಲ್ಲಿ ಮಗುವಿನ ಮೇಲೆ ಯಾರ ಕಣ್ಣೂ ಇರುವುದಿಲ್ಲವೆಂಬುದನ್ನೂ ಆ ಕಥೆ ಹೇಳುತ್ತದೆ. ರಾಯರು ವಾಸಿಸಿದ್ದ ಕುಂಭಕೋಣದಲ್ಲಿಯೇ 2004ರ ಜುಲೈ 16ರಂದು ಶಾಲೆಯೊಂದರ ಅಡುಗೆಯ ಬೆಂಕಿ ಹುಲ್ಲಿನ ಚಾವಣಿಗೆ ಹತ್ತಿ 94 ಮಕ್ಕಳು ತೀರಿಕೊಂಡರು. ಅದನ್ನು ನಾವು ಮರೆಯಬಾರದು.

ಆದ್ದರಿಂದ ಸೇವಾಸಮಿತಿಯವರಲ್ಲಿ ನನ್ನ ವಿನಂತಿಗಳು ಕೆಲವೇ. ಪಾಕಶಾಲೆಗೂ ಬಡಿಸುವ ಅಂಗಳಕ್ಕೂ ಮಕ್ಕಳ ಪ್ರವೇಶವನ್ನು ನಿಲ್ಲಿಸಿ. ಕುದಿಯುವ ಪಾತ್ರೆಯನ್ನು ಇಬ್ಬರು ಹಿಡಿದು, 'ಬಿಸಿ, ಬಿಸಿ' ಎಂದು ಕೂಗುತ್ತಲೇ ಸಾಗಿಸಿ. ಒಲೆಗಳಿಂದ ಹತ್ತು ಹೆಜ್ಜೆಯ ಒಳಗೆ ಒಂದು ನಲ್ಲಿ ಯಾವಾಗಲೂ ಬಿಡುವಾಗಿರಲಿ. ನಲ್ಲಿ ನಿಂತರೆ ಉಪಯೋಗಕ್ಕೆ ಬರುವಂತೆ ಎರಡು ಡ್ರಮ್ ತಣ್ಣೀರು ತುಂಬಿರಲಿ. ಪೆಟ್ಟಿಗೆಯೊಂದರಲ್ಲಿ ಒಗೆದ ಪಂಚೆ ಮತ್ತು ಕತ್ತರಿಯನ್ನು ಇಟ್ಟಿರಿ. ಗೋಡೆಯ ಮೇಲೆ ತುರ್ತು ಸಂಖ್ಯೆಗಳ ಜೊತೆಗೆ 'ಮೊದಲು ನೀರು, 20 ನಿಮಿಷ' ಎಂದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಸಿ. ಪಾತ್ರೆ ತೊಳೆಯುವವರು, ಹೊರಗಿನಿಂದ ಬರುವ ಸಹಾಯಕರು ಮರಾಠಿಯಲ್ಲಿ ಓದುವವರು. ಗಾಯದ ಹತ್ತಿರ ಮೊದಲು ಇರುವವರು ಬಹುಶಃ ಅವರೇ.

ಸಜ್ಜನರೇ, ಅನ್ನದಾನ ಮಾಡಲು ಧಾನ್ಯ ಬೇಕು, ವಿದ್ಯಾದಾನಕ್ಕೆ ವ್ಯಾಸಂಗ ಬೇಕು. ನಾನು ಇಂದು ಹೇಳಿದ ಈ ಸಣ್ಣ ತಿಳಿವನ್ನು ದಾನ ಮಾಡಲು ಏನೂ ಬೇಡ. ಪ್ರಸಾದ ಸ್ವೀಕರಿಸಿ ಮನೆಗೆ ಹೋದ ಮೇಲೆ, ತಮ್ಮ ಮನೆಯಲ್ಲಿ ಒಲೆಯ ಮುಂದೆ ನಿಲ್ಲುವವರು ಯಾರೋ ಅವರಿಗೆ, ಅಕ್ಕಪಕ್ಕದ ಒಂದು ಮನೆಗೆ, ಊರಿನಲ್ಲಿರುವ ಹಿರಿಯರಿಗೆ ಫೋನಿನಲ್ಲಿ, ಇದನ್ನು ತಿಳಿಸಿ. 'ನೀರು ಹಾಕಿದರೆ ಬೊಬ್ಬೆ ಏಳುತ್ತದೆ' ಎಂದು ಅವರು ಹೇಳಿದರೆ ವಾದಕ್ಕೆ ನಿಲ್ಲದೆ, ಬೊಬ್ಬೆ ಏಕೆ ಏಳುತ್ತದೆಂಬುದನ್ನು ಸಮಾಧಾನವಾಗಿ ವಿವರಿಸಿ. ಒಂದು ಮನೆಯಲ್ಲಿ ಒಂದು ಮಗುವಿನ ಬೆರಳು ಮಡಿಚುವಂತೆ ಉಳಿದರೂ ಈ ಸಂಜೆಯ ಕಾಲ ವ್ಯರ್ಥವಾಗಲಿಲ್ಲ.

 ಗುರುರಾಜರು ಎಲ್ಲರನ್ನೂ ಕ್ಷೇಮದಿಂದಿಡಲಿ.

ಶ್ರೀ ಕೃಷ್ಣಾರ್ಪಣಮಸ್ತು.